ಮದಗ-ಮಾಸೂರು: ಅದು ಫಾಲ್ಸ್ ಅಲ್ಲ, ಕೆರೆಯ ಕೋಡಿ

ಇಟಲಿಯ ಬೆಟ್ಟದ ಕಣಿವೆಗಳ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಕಲ್ಲಿನ ಮನೆ, ಹಳೇ ಸೇತುವೆ, ಕೆಳಗೆ ಹರಿಯೋ ಹೊಳೆ. ನೋಡಿ, ಒಂದು ಲೈಕ್ ಕೊಟ್ಟು ಮುಂದೆ ಹೋಗಿರ್ತೀವಿ. ಚಿಕ್ಕೇರೂರು ಕಡೆಯವರಿಗೆ ಬೈಕಲ್ಲಿ ಹೋಗಿ ಸಂಜೆಗೆ ವಾಪಸ್ ಬರೋ ದೂರದಲ್ಲೇ ಒಂದು ಕಣಿವೆ ಇದೆ. ಹಿರೇಕೆರೂರು ದಾಟಿ ಮಾಸೂರಿನ ದಾರಿ ಹಿಡಿದ್ರೆ ಸಿಗೋ ಮದಗದ ಕೆರೆ. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಮಳೆಗಾಲ ಜೋರಾದ್ರೆ ಇಲ್ಲಿ ನೀರು ಬಂಡೆಗಳ ಮೇಲಿಂದ ನೊರೆನೊರೆಯಾಗಿ ಧುಮುಕುತ್ತೆ. ಜನ ಅದನ್ನ ಫಾಲ್ಸ್ ಅಂತಾರೆ, ಮಿನಿ ಜೋಗ ಅಂತಾರೆ. ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ನೋಡ್ತಾ ಇರೋದು ಜಲಪಾತ ಅಲ್ಲ, ಕೆರೆಯ ಕೋಡಿ. ಇಷ್ಟು ಗೊತ್ತಾದ್ರೆ ಇಡೀ ಜಾಗ ಬೇರೆ ಥರ ಕಾಣುತ್ತೆ.

ಹೊಸನಗರ ತಾಲೂಕಿನ ಹುಂಚದ ಹತ್ತಿರ ಕುಮುದ್ವತಿ ಅನ್ನೋ ಹೊಳೆ ಹುಟ್ಟುತ್ತೆ. ಮಲೆನಾಡಿನ ಮಳೆ ನೀರು ಹೊತ್ಕೊಂಡು ಶಿಕಾರಿಪುರದ ಕಡೆಯಿಂದ ನಮ್ಮ ಬಯಲಿಗೆ ಇಳಿಯುತ್ತೆ, ಕೊನೆಗೆ ತುಂಗಭದ್ರೆ ಸೇರುತ್ತೆ. ಬಯಲು ಸೇರೋ ಮುಂಚೆ ಅದು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಬೇಕು. ಹಿಂದಿನವರ ಕಣ್ಣು ಬಿದ್ದಿದ್ದೇ ಆ ಇಕ್ಕಟ್ಟಿನ ಮೇಲೆ. ಬಯಲಲ್ಲಿ ಕೆರೆ ಕಟ್ಟೋಕೆ ಮೈಲುಗಟ್ಟಲೆ ಏರಿ ಬೇಕು. ಇಲ್ಲಿ ಗುಡ್ಡಗಳೇ ಗೋಡೆ. ನಡುವಿನ ಬಾಯಿ ಮುಚ್ಚಿದ್ರೆ ಸಾಕು. ಕಡಿಮೆ ಕಟ್ಟಡ, ಭಾರೀ ನೀರು. ಈಗಿನ ದೊಡ್ಡ ಡ್ಯಾಮ್‌ಗಳಿಗೆ ಜಾಗ ಹುಡುಕೋದೂ ಇದೇ ಲೆಕ್ಕದಲ್ಲಿ.

ಈ ಕೆಲಸ ವಿಜಯನಗರದ ಕಾಲದ್ದು ಅಂತಾರೆ. ಜೆಸಿಬಿ ಬಿಡಿ, ಸಿಮೆಂಟೂ ಇಲ್ಲದ ಕಾಲ. ಮಣ್ಣು ಪೇರಿಸಿ, ನೀರಿನ ಕಡೆಗೆ ಕಲ್ಲು ಜೋಡಿಸಿ ಏರಿ ಕಟ್ಟೋರು. ಗದ್ದೆಗೆ ನೀರು ಬಿಡೋಕೆ ತೂಬು. ಮಣ್ಣಿನ ಏರಿಯ ದೊಡ್ಡ ಶತ್ರು ಯಾವುದು ಗೊತ್ತಾ? ತುಂಬಿದ ನೀರೇ. ನೀರು ಒಮ್ಮೆ ಏರಿಯ ತಲೆ ಮೇಲೆ ಹರಿಯೋಕೆ ಶುರುವಾದ್ರೆ ಮಣ್ಣು ಕೊಚ್ಕೊಂಡು ಹೋಗುತ್ತೆ, ಕೆರೆ ಒಡೆಯುತ್ತೆ, ಕೆಳಗಿನ ಊರು ಮುಳುಗುತ್ತೆ. ಅದಕ್ಕೇ ಏರಿಗಿಂತ ಸ್ವಲ್ಪ ತಗ್ಗಿನಲ್ಲಿ, ಗಟ್ಟಿ ಬಂಡೆ ಇರೋ ಕಡೆ, ಹೆಚ್ಚಾದ ನೀರಿಗೆ ಒಂದು ದಾರಿ ಬಿಡ್ತಾರೆ. ಅದೇ ಕೋಡಿ. ಕುಕ್ಕರಿನ ಸೀಟಿ ಇದ್ದ ಹಾಗೆ. ನಾವು ಸೆಲ್ಫಿ ತಗೊಳ್ಳೋದು ಆ ಸೀಟಿಯ ಮುಂದೆ ನಿಂತ್ಕೊಂಡು!

ತಮಾಷೆಗೆ ಹೇಳ್ತಾ ಇಲ್ಲ. ಮೇಲೆ ಮಲೆನಾಡಲ್ಲಿ ಮಳೆ ಜೋರಾದ್ರೆ, ನೀವು ನಿಂತಲ್ಲಿ ಬಿಸಿಲಿದ್ರೂ ಕೋಡಿಯ ನೀರು ಏರಬಹುದು. ಬಂಡೆ ಮೇಲೆ ಪಾಚಿ ಬೇರೆ. ಹರಿಯೋ ನೀರಿಗೆ ಇಳೀಬೇಡಿ, ದೂರದಿಂದಲೂ ಫೋಟೋ ಚೆನ್ನಾಗೇ ಬರುತ್ತೆ. ಮತ್ತೆ ನೀವು ಬಿಟ್ಟು ಬಂದ ಚಿಪ್ಸ್ ಪ್ಯಾಕೆಟ್ಟು, ಬಾಟಲಿ ಅಲ್ಲೇ ಬಿದ್ದಿರಲ್ಲ. ಕೆಳಗೆ ಯಾರದೋ ಹೊಲದ ಕಾಲುವೆಗೆ ಹೋಗಿ ಸಿಕ್ಕಿಕೊಳ್ಳುತ್ತೆ.

ಊರವರಿಗೆ ಇದು ಬರೀ ನೀರಲ್ಲ, ಮದಗದ ಕೆಂಚಮ್ಮನ ಕೆರೆ. ಮದಗದ ಕೆರೆಯ ಜನಪದ ಹಾಡು ಕೇಳಿರ್ತೀರಿ. ಅದು ನಮ್ಮ ಕೆರೆಯದೇ ಅಂತ ಇಲ್ಲಿಯವರು, ಅಲ್ಲ ನಮ್ಮದು ಅಂತ ಕಡೂರಿನ ಕಡೆಯವರು. ಆ ಜಗಳ ಹಾಗೇ ಇರಲಿ ಬಿಡಿ, ಕೇಳೋಕೆ ಮಜಾ ಇದೆ.

ಇಟಲಿಯಿಂದ ಕಲಿಯೋದು ಒಂದಿದೆ. 1976ರಲ್ಲಿ ಅಲ್ಲಿನ ಫ್ರಿಯುಲಿ ಪ್ರಾಂತ್ಯದಲ್ಲಿ ದೊಡ್ಡ ಭೂಕಂಪ ಆಯ್ತು. ಬೆಟ್ಟದ ಹಳ್ಳಿಗಳು ಖಾಲಿ ಆಗ್ತಾ ಇದ್ದವು. ಮನೆಗಳನ್ನ ರಿಪೇರಿ ಮಾಡಿದ ಮೇಲೆ ಅಲ್ಲಿ ಇರೋರು ಯಾರು ಅನ್ನೋ ಪ್ರಶ್ನೆ ಬಂತು. ಆಗ ಹುಟ್ಟಿದ ಐಡಿಯಾ ‘ಆಲ್ಬೆರ್ಗೊ ಡಿಫ್ಯೂಸೊ’, ಅಂದ್ರೆ ಊರ ತುಂಬ ಹರಡಿಕೊಂಡ ಹೋಟೆಲ್. ಹೊಸ ಕಟ್ಟಡ ಇಲ್ಲ. ಖಾಲಿ ಮನೆಗಳೇ ರೂಮು, ಊರಿನ ಒಂದು ಕಡೆ ರಿಸೆಪ್ಶನ್. ಬಂದವರು ಊರಿನ ಬೀದಿಯಲ್ಲೇ ಓಡಾಡ್ತಾರೆ, ದುಡ್ಡು ಊರಲ್ಲೇ ಉಳಿಯುತ್ತೆ.

ಮದಗಕ್ಕೆ ಈಗ ಹೋಗಿ ಬರೋರು ಅರ್ಧ ಗಂಟೆ ಇರ್ತಾರೆ. ಊರಿಗೆ ಸಿಗೋದು ಟ್ರಾಫಿಕ್ಕು, ಕಸ. ಕೆರೆ ದಂಡೆಗೆ ಒಂದು ರೆಸಾರ್ಟ್ ಬಂದ್ರೆ ಸರಿಹೋಗುತ್ತಾ? ನನಗಂತೂ ಅನ್ಸಲ್ಲ. ಮಾಸೂರಿನ ಯಾರದೋ ಮನೆಯಲ್ಲಿ ರಾತ್ರಿ ತಂಗಿ, ರೊಟ್ಟಿ ಊಟ ಮಾಡಿ, ಕೆರೆಯ ಹಳೇ ಕಥೆ ಹೇಳೋ ಅಜ್ಜನ ಜೊತೆ ಬೆಳಿಗ್ಗೆ ಏರಿ ಮೇಲೆ ನಡೆಯೋ ಹಾಗಿದ್ರೆ, ಅದಕ್ಕೆ ದುಡ್ಡು ಕೊಡೋರು ಇದ್ದಾರೆ ನೋಡ್ರಿ.

ಹೋಗೋರಿಗೆ ಇನ್ನೊಂದೆರಡು ಮಾತು. ಕೋಡಿ ಬೀಳೋದು ನೋಡಬೇಕಂದ್ರೆ ಮಳೆಗಾಲ. ಎಲ್ಲಾ ವರ್ಷವೂ ಬೀಳಲ್ಲ, ಫೋನ್ ಮಾಡಿ ವಿಚಾರಿಸಿ ಹೊರಡಿ. ಏರಿ, ಕಲ್ಲಿನ ಕೆಲಸ ಸಮಾಧಾನವಾಗಿ ನೋಡಬೇಕಂದ್ರೆ ದೀಪಾವಳಿ ಆದ ಮೇಲೆ, ಜನವೂ ಕಡಿಮೆ. ಮಾಸೂರಿಗೆ ಸರ್ವಜ್ಞನ ನಂಟೂ ಇದೆ: ತಂದೆ ಬಸವರಸ ಇಲ್ಲಿಯವನು, ತಾಯಿಯ ಊರು ಅಬಲೂರು ಅಂತ ಹೇಳಿಕೆ. ಟೈಮ್ ಇದ್ರೆ ಹೊಳೆ ಹರಿಯೋ ದಿಕ್ಕಿಗೇ ರಟ್ಟೀಹಳ್ಳಿಗೆ ಹೋಗಿ. ಅಲ್ಲಿ ಚಾಲುಕ್ಯರ ಕಾಲದ ಕದಂಬೇಶ್ವರ ಗುಡಿ ಇದೆ, ಮೂರು ಗರ್ಭಗುಡಿಗಳದ್ದು. ಗುಡಿ ನೋಡಿ ಬಂದು ಮಂಡಕ್ಕಿ-ಮಿರ್ಚಿ ತಿನ್ನಿ. ಅಲ್ಲಿ ಪಕ್ಕದಲ್ಲಿ ಹರಿಯೋದೂ ಇದೇ ಕುಮುದ್ವತಿ.