ಒಂದು ಪ್ರೊಪೆಲ್ಲರ್ ಮುರಿದ ಮೇಲೆ

ನಾಲ್ಕು ರೋಟರ್‌ಗಳ ಯಂತ್ರವೊಂದು ಮನುಷ್ಯನನ್ನು ಹೊತ್ತು ನೆಲ ಬಿಟ್ಟದ್ದು 1907ರಲ್ಲಿ, ಫ್ರಾನ್ಸಿನ ದುವೇ ಪಟ್ಟಣದಲ್ಲಿ. ಬ್ರೆಗೆ ಸಹೋದರರು ಪ್ರೊ. ಶಾರ್ಲ್ ರಿಶೆ ಅವರ ಜೊತೆಗೂಡಿ ಕಟ್ಟಿದ ಯಂತ್ರ ಅದು. ಮೇಲೆದ್ದದ್ದು ಎರಡು ಅಡಿ. ಮಗುಚದಂತೆ ನಾಲ್ಕು ಮೂಲೆಗಳಲ್ಲಿ ನಾಲ್ವರು ಹಿಡಿದು ನಿಂತಿದ್ದರಿಂದ ಅದನ್ನು ಸ್ವತಂತ್ರ ಹಾರಾಟವೆಂದು ಒಪ್ಪುವವರಿಲ್ಲ. ಆದರೆ ಯಾವ ಮೂಲೆ ಕುಸಿಯುತ್ತಿದೆ ಎಂದು ಅರಿತು, ಆ ಕ್ಷಣವೇ ಸರಿಪಡಿಸುತ್ತಿದ್ದವರು ಅವರೇ. ಹಲವು ರೋಟರ್‌ಗಳ ಯಂತ್ರಗಳ (ಮಲ್ಟಿರೋಟರ್) ಸಂಶೋಧನೆಯ ತಿರುಳು ಇಂದಿಗೂ ಅದೇ.

ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದವರು ಎಂಜಿನಿಯರ್ ಎಟಿಯೆನ್ ಓಮಿಶೆನ್. ಅವರ ಎರಡನೆಯ ಯಂತ್ರದಲ್ಲಿ ಎತ್ತಲು ನಾಲ್ಕು ರೋಟರ್, ಸಮತೋಲಕ್ಕೂ ಚಲನೆಗೂ ಎಂಟು ಪುಟ್ಟ ಪ್ರೊಪೆಲ್ಲರ್, ಎಲ್ಲಕ್ಕೂ ಒಂದೇ ಎಂಜಿನ್. 1924ರ ಮೇ 4ರಂದು ಅದು ಒಂದು ಕಿಲೋಮೀಟರ್ ಸುತ್ತು ಹಾಕಿ, 7 ನಿಮಿಷ 40 ಸೆಕೆಂಡಿನಲ್ಲಿ ಹೊರಟಲ್ಲಿಗೇ ಬಂದಿಳಿಯಿತು. ಹೆಲಿಕಾಪ್ಟರ್ ಚರಿತ್ರೆ ಬರೆದವರು ವಿನ್ಯಾಸಕ ಸಿಕೋರ್ಸ್ಕಿಗೆ ಅಧ್ಯಾಯವನ್ನೇ ಕೊಟ್ಟು ಓಮಿಶೆನ್‌ರನ್ನು ಅಡಿಟಿಪ್ಪಣಿಗೆ ತಳ್ಳಿದ್ದು ಅನ್ಯಾಯವೇ ಸರಿ.

ಆಮೇಲೆ ಬಹುಕಾಲ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ಬ್ರಷ್‌ಲೆಸ್ ಮೋಟರ್, ಲಿಥಿಯಂ ಪಾಲಿಮರ್ ಬ್ಯಾಟರಿ, ಉಗುರಿನಷ್ಟು ಚಿಪ್ಪಿನೊಳಗಿನ ಗೈರೊಸ್ಕೋಪ್ ಬಂದ ಮೇಲೆ ಗೇರು, ಶಾಫ್ಟುಗಳ ಜಂಜಾಟ ತಪ್ಪಿತು. ಇಂದಿನ ನಾಲ್ಕು ರೋಟರ್‌ಗಳ ಡ್ರೋನಿನಲ್ಲಿ ಎರಡು ರೋಟರ್ ಬಲಕ್ಕೆ, ಎರಡು ಎಡಕ್ಕೆ ತಿರುಗಿ ಪರಸ್ಪರರ ತಿರುಚುಬಲವನ್ನು ರದ್ದುಮಾಡುತ್ತವೆ; ವೇಗದ ಹೆಚ್ಚುಕಡಿಮೆಯಿಂದಲೇ ಎಲ್ಲ ಚಲನೆ. ಈ ಸರಳತೆಯೇ ಕುತ್ತು. ಒಂದು ನಿಂತರೆ ಲೆಕ್ಕವೇ ತಪ್ಪುತ್ತದೆ. ಆರೆಂಟು ರೋಟರ್ ಜೋಡಿಸಬಹುದು, ಆದರೆ ತೂಕವೂ ಬೆಲೆಯೂ ಏರುತ್ತವೆ.

2013ರ ಹೊತ್ತಿಗೆ ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮ್ಯುಲ್ಲರ್ ಮತ್ತು ರಫಾಯೆಲೊ ದಾಂದ್ರೆಯಾ ಬೇರೆ ದಾರಿ ಹಿಡಿದರು. ಡ್ರೋನ್ ಇಂಥ ದಿಕ್ಕಿಗೇ ಮುಖ ಮಾಡಿರಬೇಕೆಂಬ ಹಟವನ್ನು ಬಿಟ್ಟರು. ಪ್ರೊಪೆಲ್ಲರ್ ಕಳಚಿದ ಡ್ರೋನನ್ನು ಬುಗುರಿಯಂತೆ ಸುತ್ತಲು ಬಿಟ್ಟು, ಸುತ್ತುವ ಅಕ್ಷವನ್ನು ಮಾತ್ರ ಬೇಕಾದತ್ತ ವಾಲಿಸಿದರು. ಎರಡು ಹೋದರೂ, ಮೂರು ಹೋದರೂ ಎತ್ತರ ಮತ್ತು ಸ್ಥಾನ ಹತೋಟಿಯಲ್ಲಿಡಲು ಸಾಧ್ಯವೆಂದು 2014ರ ಪ್ರಬಂಧದಲ್ಲಿ ತೋರಿಸಿದರು.

ಇದು ಫಲಿಸಲು ಕೆಟ್ಟದ್ದು ಯಾವುದೆಂದು ಕೂಡಲೇ ತಿಳಿಯಬೇಕು. ಕೊಟ್ಟ ಆದೇಶಕ್ಕೆ ಡ್ರೋನ್ ಹೇಗೆ ಚಲಿಸಬೇಕಿತ್ತೆಂಬ ಲೆಕ್ಕವನ್ನು ಗೈರೊಸ್ಕೋಪಿನ ಅಳತೆಯೊಡನೆ ತಾಳೆ ನೋಡುವುದು ಒಂದು ಕ್ರಮ. ವ್ಯತ್ಯಾಸದ ಮಿತಿಯನ್ನು ಬಿಗಿಗೊಳಿಸಿದರೆ ಬೀಸುಗಾಳಿಯೂ ದೋಷವಾಗಿ ಕಾಣುತ್ತದೆ. ಸಡಿಲಿಸಿದರೆ ಗೊತ್ತಾಗುವಷ್ಟರಲ್ಲಿ ಡ್ರೋನ್ ನೆಲ ಕಂಡಿರುತ್ತದೆ. ಪ್ರೊಪೆಲ್ಲರ್ ಕಳಚಿದ ಮೋಟರ್ ಎಳೆಯುವ ವಿದ್ಯುತ್ ಇಳಿಯುವುದೂ ಸುಳಿವೇ. ಅಂಚು ಮಾತ್ರ ಚಕ್ಕೆ ಎದ್ದಿದ್ದರೆ ಕಂಪನ ಅಳೆಯುವ ಸಂವೇದಕ ಹೇಳುತ್ತದೆ.

ಜಿಪಿಎಸ್ ಸಿಗದ ಕಡೆ ಸುತ್ತುತ್ತಿರುವ ಡ್ರೋನ್ ತಾನೆಲ್ಲಿದ್ದೇನೆಂದು ಅರಿಯುವುದು ಹೇಗೆ? ಜ್ಯೂರಿಕ್ ವಿಶ್ವವಿದ್ಯಾಲಯದ ದಾವಿದೆ ಸ್ಕಾರಮುಝಾ ತಂಡ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರೊಡನೆ ಸೇರಿ 2021ರಲ್ಲಿ ಡ್ರೋನಿನದೇ ಕ್ಯಾಮೆರಾಗಳಿಂದ ಇದನ್ನು ಸಾಧಿಸಿತು. ಸಾಕಷ್ಟು ಬೆಳಕಿದ್ದರೆ ಮಾಮೂಲಿ ಕ್ಯಾಮೆರಾ ಸಾಕು. ಮಬ್ಬಿನಲ್ಲಿ ಅದರ ಚಿತ್ರ ಕಲಸಿಹೋಗುತ್ತದೆ. ಬೆಳಕಿನ ಬದಲಾವಣೆಯನ್ನಷ್ಟೇ ದಾಖಲಿಸುವ ಈವೆಂಟ್ ಕ್ಯಾಮೆರಾ ಅಲ್ಲಿ ಮೇಲಾಯಿತು.