ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ



ನಮ್ಮ ಔರಾದ ಕಡೆ ಮೊದಲು ಒಲೆಗೆ ತೊಗರಿ ಕಟ್ಟಿಗೆ, ಕುಳ್ಳು ಹಾಕುತ್ತಿದ್ದೆವು. ಈಗಲೂ ಎಷ್ಟೋ ಮನೆಯಲ್ಲಿ ರೊಟ್ಟಿಗೆ ಅದೇ ಒಲೆ. 2016ರಲ್ಲಿ ಉಜ್ವಲಾ ಯೋಜನೆ ಬಂತು. ಬಡವರ ಮನೆಗೂ ಗ್ಯಾಸ್ ಬಂತು. ಒಳ್ಳೆಯದೇ ಆಯಿತು. ಆದರೆ ಕಟ್ಟಿಗೆಯ ಬೆಂಕಿ ಕಣ್ಣಿಗೆ ಕಾಣುತ್ತದೆ. ಸೋರಿದ ಗ್ಯಾಸ್ ಕಾಣುವುದಿಲ್ಲ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು:

“ಟೀಚರ್, ರಾತ್ರಿ ಗ್ಯಾಸ್ ವಾಸನಿ ಬಂದರ ಲೈಟ್ ಹಚ್ಚಿ ನೋಡಬೇಕಲ್ರಿ?”

“ಬ್ಯಾಡ್ರಿ ಅಕ್ಕಾ! ಅದರಿಂದಲೇ ಬೆಂಕಿ ಹತ್ತತದ” ಎಂದೆವು.

ಯಾಕೆ?

ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ಕೆಳಗೆ ಇಳಿಯುತ್ತದೆ. ನೆಲದ ಮೇಲೆ ಹರಡುತ್ತದೆ. ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದ್ದು ನಮಗೆ ಗೊತ್ತಾಗಲಿ ಎಂದೇ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ. ಸ್ವಿಚ್ ಒತ್ತಿದಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ಆ ಒಂದು ಕಿಡಿ ಸಾಕು. ಮನೆಯೇ ಹೊತ್ತಿಕೊಳ್ಳಬಹುದು.

ವಾಸನೆ ಬಂದರೆ ಹೀಗೆ ಮಾಡಿ:

1. ಕಡ್ಡಿ ಗೀರಬೇಡಿ. ಲೈಟ್, ಫ್ಯಾನ್ ಹಚ್ಚಬೇಡಿ. ಹಚ್ಚಿದ್ದನ್ನು ಆರಿಸಲೂ ಬೇಡಿ.

2. ಒಲೆ, ದೇವರ ದೀಪ ಉರಿಯುತ್ತಿದ್ದರೆ ಆರಿಸಿ.

3. ರೆಗ್ಯುಲೇಟರ್ ಬಂದ್ ಮಾಡಿ.

4. ಬಾಗಿಲು, ಕಿಟಕಿ ತೆರೆಯಿರಿ.

5. ಮಕ್ಕಳು, ಮುದುಕರನ್ನು ಕರಕೊಂಡು ಹೊರಗೆ ಹೋಗಿ. ಹೊರಗೆ ನಿಂತೇ 1906ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿದ್ದರೆ 112ಕ್ಕೆ ಮಾಡಿ.

ಸೋರುವ ಮೊದಲೇ ಎಚ್ಚರ ಬೇಕು. ನಮಗೆ ಕೂತು ರೊಟ್ಟಿ ಬಡಿದು ರೂಢಿ. ಹಾಗಂತ ಗ್ಯಾಸ್ ಒಲೆಯನ್ನೂ ನೆಲದ ಮೇಲೆ ಇಡುತ್ತೇವೆ. ಇದು ತಪ್ಪು. ಗ್ಯಾಸ್ ಇಳಿಯುವುದು ನೆಲಕ್ಕೆ. ಉರಿಯೂ ಅಲ್ಲೇ ಇದ್ದರೆ ಗತಿ ಏನು? ಒಲೆಯನ್ನು ಕಲ್ಲಿನ ಕಟ್ಟೆಯ ಮೇಲೆ ಇಡಿ. ಸಿಲಿಂಡರ್ ಕೆಳಗೆ ನೆಟ್ಟಗೆ ನಿಲ್ಲಿಸಿ. ಅದೇ ಕೋಣೆಯಲ್ಲಿ ಕಟ್ಟಿಗೆ ಒಲೆ ಹಚ್ಚಬೇಡಿ. ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿ. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಸೀಳು ಕಂಡರೆ ಅಂದೇ ಬದಲಿಸಿ. ಪೈಪಿನ ದುಡ್ಡು ಉಳಿಸಲು ಹೋಗಿ ಜೀವ ಕಳಕೊಳ್ಳುವುದು ಬೇಡ.

ಈಗ ನಮಗೆ ಓದು ಬಂದಿದೆ. ಸಿಲಿಂಡರ್ ಬಂದಾಗ ಅದರ ಮೇಲಿನ ಪಟ್ಟಿ ಓದಿ. ಅಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಕೊನೆ. ‘ಬಿ 30’ ಎಂದಿದ್ದರೆ 2030ರ ಜೂನ್‌ವರೆಗೆ ನಡೆಯುತ್ತದೆ. ಆಮೇಲೆ ಅದನ್ನು ಮತ್ತೆ ಪರೀಕ್ಷೆ ಮಾಡಬೇಕು. ಅವಧಿ ಮುಗಿದಿದ್ದರೆ ವಾಪಸ್ ಕಳಿಸಿ. ಅಕ್ಷರ ತಿಳಿಯದಿದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ.

ಇವತ್ತೇ ಒಂದು ಕೆಲಸ ಮಾಡೋಣ. ನಮ್ಮ ಕೈಯಾರೆ ಅಡುಗೆಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯೋಣ: 1906.