ನಡು ಗಟ್ಟಿಯಾಗುವ ಬಗೆ

ಜಿಮ್‌ಗಳಲ್ಲಿ ‘ಕೋರ್’ ಎಂದು ಕರೆಯುವ ಸ್ನಾಯುಸಮೂಹದಲ್ಲಿ ಹೊಟ್ಟೆಯ ಮೇಲೆ ಪಟ್ಟಿಪಟ್ಟಿಯಾಗಿ ಕಾಣುವ ಮುಂಭಾಗದ ಸ್ನಾಯುವಿನ ಜೊತೆಗೆ ಪಕ್ಕೆಗಳ ಓರೆಸ್ನಾಯುಗಳು, ಎಲ್ಲಕ್ಕಿಂತ ಒಳಪದರದಲ್ಲಿ ಉದರವನ್ನು ಬಳಸಿರುವ ಅಡ್ಡಸ್ನಾಯು, ಬೆನ್ನುಮೂಳೆಯ ಇಕ್ಕೆಲಗಳ ಸ್ನಾಯುಗಳು, ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ವಪೆ ಹಾಗೂ ಶ್ರೋಣಿಯ ತಳದ ಸ್ನಾಯುಗಳು ಸೇರುತ್ತವೆ. ಇವೆಲ್ಲ ಒಟ್ಟಾಗಿ ಬಿಗಿಗೊಂಡಾಗ ಉದರದೊಳಗಿನ ಒತ್ತಡ ಏರಿ ಬೆನ್ನುಮೂಳೆಗೆ ಸುತ್ತಲಿಂದಲೂ ಆಸರೆ ದೊರೆಯುತ್ತದೆ. ಆಸ್ಟ್ರೇಲಿಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರು ತೋಳನ್ನು ಚಲಿಸುವ ಮೊದಲೇ ಅವರ ಅಡ್ಡಸ್ನಾಯು ಬಿಗಿಯಾಗುತ್ತಿದ್ದುದೂ, ಕೆಳಬೆನ್ನಿನ ನೋವಿನಿಂದ ಬಳಲುವವರಲ್ಲಿ ಅದು ತಡವಾಗುತ್ತಿದ್ದುದೂ ಕಂಡುಬಂತು.

ನಡುವನ್ನು ಬಗ್ಗಿಸುವುದಕ್ಕಿಂತ ಅದು ಕುಸಿಯದಂತೆ, ತಿರುಚಿಕೊಳ್ಳದಂತೆ ತಡೆಹಿಡಿಯುವುದೇ ಈ ಸ್ನಾಯುಗಳ ಹಿರಿಯ ಕೆಲಸವಾಗಿರುವುದರಿಂದ, ನೂರಾರು ಸಿಟ್‌-ಅಪ್ ಹೊಡೆಯುವ ಹಳೆಯ ರೂಢಿ ಅಷ್ಟೇನೂ ವಿವೇಕದ್ದಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಯಂತ್ರಶಾಸ್ತ್ರವನ್ನು ಅಭ್ಯಸಿಸಿದ ಸ್ಟುವರ್ಟ್ ಮೆಕ್‌ಗಿಲ್, ಬೆನ್ನನ್ನು ಪದೇಪದೇ ಬಗ್ಗಿಸದೆ ತಲೆ–ಭುಜಗಳನ್ನು ತುಸುವೇ ಎತ್ತುವ ಕರ್ಲ್‌-ಅಪ್, ಸೈಡ್ ಪ್ಲ್ಯಾಂಕ್ ಮತ್ತು ಬರ್ಡ್ ಡಾಗ್ ಎಂಬ ಮೂರು ನೆಲದ ವ್ಯಾಯಾಮಗಳನ್ನು ಸೂಚಿಸಿದ್ದಾರೆ. ಬರ್ಡ್ ಡಾಗ್‌ನಲ್ಲಿ ಅಂಗೈ ಮತ್ತು ಮಂಡಿಗಳನ್ನು ಊರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ ಸುಮಾರು 10 ಸೆಕೆಂಡು ನಿಂತು, ಬಳಿಕ ಬದಿ ಬದಲಿಸಬೇಕು. ನೋಡುವುದಕ್ಕೆ ಮಕ್ಕಳಾಟದಂತಿದ್ದರೂ ಕಾಲು ಮೇಲೇಳುವಾಗ ಸೊಂಟ ಒಂದು ಕಡೆಗೆ ವಾಲದಂತೆ ನೋಡಿಕೊಳ್ಳುವುದು ಹೊಸಬರಿಗೆ ಸುಲಭವಲ್ಲ. ಪ್ಲ್ಯಾಂಕ್‌ನಲ್ಲಿಯೂ ಮೊಣಕೈಗಳು ಭುಜದ ನೇರ ಕೆಳಗಿದ್ದು, ತಲೆಯಿಂದ ಹಿಮ್ಮಡಿಯವರೆಗೆ ದೇಹ ಒಂದೇ ರೇಖೆಯಲ್ಲಿರಬೇಕು. ಸೊಂಟ ಜೋತುಬಿದ್ದ ಮೇಲೆ ಗಡಿಯಾರ ನೋಡುತ್ತ ಕಳೆಯುವ ಸಮಯದಲ್ಲಿ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ.

ನೆಲದ ಮೇಲೆ ಈ ಹಿಡಿತ ಸಿದ್ಧಿಸಿದ ಬಳಿಕವೇ ಸಲಕರಣೆಗಳ ಸರದಿ. ಕೇಬಲ್ ಯಂತ್ರದ ಹಿಡಿಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಯಂತ್ರಕ್ಕೆ ಪಕ್ಕವಾಗಿ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚುವ ಪ್ಯಾಲೋಫ್ ಪ್ರೆಸ್‌ನಲ್ಲಿ, ಕೈ ದೂರ ಹೋದಷ್ಟೂ ಮುಂಡವನ್ನು ತಿರುಗಿಸುವ ಸೆಳೆತ ಹೆಚ್ಚುತ್ತದೆ. ಆದ್ದರಿಂದ ಅಲ್ಪ ತೂಕವೂ ಸಾಕಾಗುತ್ತದೆ. ಎರಡು ಹಿಡಿಗಳ ನಡುವೆ ಗಾಲಿಯಿರುವ ಆಬ್ ವೀಲ್ ಇದಕ್ಕಿಂತ ಕಠಿಣವಾದುದರಿಂದ ಅದನ್ನು ಮಂಡಿಯೂರಿಯೇ ಆರಂಭಿಸಬೇಕು. ಕರ್ನಾಟಕದ ಗರಡಿಮನೆಗಳಲ್ಲಿ ಗದೆ ತಿರುಗಿಸುವ ಪೈಲ್ವಾನರ ಮುಂಡಕ್ಕೂ ಇಂತಹದೇ ಸಾಧನೆ ದೊರೆಯುತ್ತದೆ, ಅಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿಲ್ಲ ಅಷ್ಟೇ.

ಇವುಗಳಿಂದ ಸ್ನಾಯು ಬಲಿಯುತ್ತದೆಯೇ ಹೊರತು ಹೊಟ್ಟೆಯ ಬೊಜ್ಜು ಮಾತ್ರ ಆಯ್ದು ಕರಗುವುದಿಲ್ಲ. ಉಸಿರು ಬಿಗಿಹಿಡಿದು ಶ್ರಮಪಟ್ಟರೆ ರಕ್ತದೊತ್ತಡ ಏರುವುದರಿಂದ ಅದರ ತೊಂದರೆಯಿರುವವರೂ, ಹರ್ನಿಯ ಇರುವವರೂ, ಇತ್ತೀಚೆಗೆ ಹೆರಿಗೆಯಾದವರೂ ವೈದ್ಯರನ್ನು ಕೇಳಿಯೇ ತೊಡಗಬೇಕು.